14 ಶರ್ಟ್ ಇದ್ದರೂ ಹಾಕಿಕೊಳ್ಳಲು ಏನೂ ಇಲ್ಲ: ಕಡಿಮೆ ಹಣದಲ್ಲಿ ಆಫೀಸ್ ಬಟ್ಟೆ ಸರಿಮಾಡಿಕೊಂಡ ಒಬ್ಬರ ಪ್ರಕರಣ

ಈ ಬರಹದಲ್ಲಿ ಬರುವವರನ್ನು ವಿ ಅಂತ ಕರೆಯುತ್ತೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿರುವುದು. ಗುರುತು ಸಿಗದಿರಲಿ ಅಂತ ಕೆಲಸದ ಒಂದೆರಡು ವಿವರ ಬದಲಿಸಿದ್ದೇನೆ. ಬಟ್ಟೆಗಳ ಲೆಕ್ಕ, ತೆಗೆದುಕೊಂಡ ನಿರ್ಧಾರ, ನಡುವೆ ಆದ ಎಡವಟ್ಟು, ಇವೆಲ್ಲ ಆದ ಹಾಗೇ ಇವೆ.

ಹಿನ್ನೆಲೆ

ವಿ ಅವರಿಗೆ ವಯಸ್ಸು ಮೂವತ್ತು ದಾಟಿದೆ. ಹಲವು ವರ್ಷ ಗೋದಾಮಿನ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸದಲ್ಲಿದ್ದರು. ಅಲ್ಲಿ ಟೀ ಶರ್ಟ್ ಹಾಕಿಕೊಂಡು ಹೋದರೂ ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ. ಆಮೇಲೆ ಬಡ್ತಿ ಸಿಕ್ಕಿತು, ಗ್ರಾಹಕ ಕಂಪನಿಗಳ ಜೊತೆ ಕೂತು ಮಾತಾಡುವ ತಂಡಕ್ಕೆ ಬಂದರು. ಇಲ್ಲಿ ವಾರವಿಡೀ ಫಾರ್ಮಲ್ಸ್, ಮೀಟಿಂಗ್ ಇದ್ದ ದಿನ ಮೇಲೊಂದು ಬ್ಲೇಜರ್. ನಿಯಮ ಅಂತ ಯಾರೂ ಬರೆದು ಕೊಟ್ಟಿರಲಿಲ್ಲ, ಆದರೆ ಸುತ್ತ ಇರುವವರೆಲ್ಲ ಹಾಗೇ ಬರುತ್ತಿದ್ದರು. ಮೇಲಧಿಕಾರಿ ಒಂದು ದಿನ ತಣ್ಣಗೆ, "ಮುಂದಿನ ತಿಂಗಳಿಂದ ನೀವೂ ಮೀಟಿಂಗ್‌ಗೆ ಬರ್ತೀರಿ, ಸ್ವಲ್ಪ ನೋಡ್ಕೊಳ್ಳಿ" ಅಂದರಂತೆ. ಅಷ್ಟೇ ಮಾತು. ಅದರ ಅರ್ಥ ಅವರಿಗೆ ಚೆನ್ನಾಗಿ ಆಯಿತು.

ಹಣದ ಕಡೆ ಕೈ ಬಿಗಿ ಇತ್ತು. ಬಡ್ತಿಯಿಂದ ಹೆಚ್ಚಿದ ಸಂಬಳ ಹಳೆಯ ಸಾಲದ ಕಂತಿಗೇ ಹೋಗುತ್ತಿತ್ತು. ಅವರು ತಮಗೆ ತಾವೇ ಹಾಕಿಕೊಂಡ ಮಿತಿ ಇದು: ಆರು ತಿಂಗಳಲ್ಲಿ ಬಟ್ಟೆ, ಶೂ, ಟೈಲರ್ ಎಲ್ಲ ಸೇರಿ ಖರ್ಚು ಒಂದು ತಿಂಗಳ ಸಂಬಳದ ಅರ್ಧ ದಾಟಬಾರದು. ಸಾಲ ಮಾಡಿ ಕೊಳ್ಳುವುದಿಲ್ಲ, ಕಂತಿನಲ್ಲೂ ಕೊಳ್ಳುವುದಿಲ್ಲ. ನನಗೆ ಇದು ಒಳ್ಳೆಯ ಮಿತಿ ಅನ್ನಿಸಿತು, ಯಾಕೆಂದರೆ ಇಷ್ಟು ಸ್ಪಷ್ಟವಾಗಿ ಹೇಳುವವರು ಕಡಿಮೆ. ಹೆಚ್ಚಿನವರು "ಜಾಸ್ತಿ ಬೇಡ, ಸುಮಾರಾಗಿ ಆಗಲಿ" ಅನ್ನುತ್ತಾರೆ. ಆಮೇಲೆ ಆ ಸುಮಾರು ಎಲ್ಲಿಗೋ ಹೋಗಿ ನಿಲ್ಲುತ್ತದೆ.

ತೊಂದರೆ ಏನೆಂದರೆ, ಅವರು ನನ್ನ ಹತ್ತಿರ ಮಾತಾಡುವ ಹೊತ್ತಿಗೆ ಆ ಹಣದಲ್ಲಿ ಕಾಲು ಭಾಗ ಆಗಲೇ ಕರಗಿತ್ತು.

ಮೊದಲ ಪ್ರಯತ್ನ, ಅದರ ಕಥೆ

ಫಾರ್ಮಲ್ ಅಂದರೆ ಸೂಟ್ ಅಂತ ಅವರ ಲೆಕ್ಕ. ರಿಯಾಯಿತಿ ನಡೆಯುತ್ತಿದ್ದಾಗ ಒಂದು ಕಪ್ಪು ಸೂಟ್, ಜೊತೆಗೆ ಮೂರು ಶರ್ಟ್‌ಗಳ ಒಂದು ಪ್ಯಾಕ್ ತಂದಿದ್ದರು. ಸೂಟ್ ಪೂರ್ತಿ ಪಾಲಿಯೆಸ್ಟರ್. ಬೆಳಕಿಗೆ ಹಿಡಿದರೆ ಮಿರಮಿರ ಹೊಳೆಯುತ್ತಿತ್ತು. ಭುಜ ಎರಡೂ ಕಡೆ ಸುಮಾರು ಎರಡು ಸೆಂಟಿಮೀಟರ್ ಹೊರಗೆ ಚಾಚಿತ್ತು. ಅಂಗಡಿಯವರು "ಟೈಲರ್ ಹತ್ರ ಕೊಟ್ರೆ ಸರಿ ಮಾಡಿ ಕೊಡ್ತಾರೆ" ಅಂದಿದ್ದರು.

ಟೈಲರ್ ನೋಡಿ ಬೇಡ ಅಂದರು. ಕೋಟಿನ ಭುಜ ಚಿಕ್ಕದು ಮಾಡಬೇಕೆಂದರೆ ತೋಳು ಪೂರ್ತಿ ಬಿಚ್ಚಬೇಕು, ಒಳಗಿನ ಪ್ಯಾಡ್ ತೆಗೆಯಬೇಕು, ಭುಜದ ಬಟ್ಟೆ ಕತ್ತರಿಸಿ ಮತ್ತೆ ತೋಳು ಕೂರಿಸಬೇಕು. ಅಷ್ಟು ಮಾಡಿದರೂ ತೋಳಿನ ತಲೆ ಮೊದಲಿನ ಹಾಗೆ ಕೂರುತ್ತದೆ ಅನ್ನುವ ಖಾತ್ರಿ ಇಲ್ಲ. ಕೂಲಿ ಸೂಟಿನ ಬೆಲೆಯ ಹತ್ತಿರ ಹತ್ತಿರ ಬರುತ್ತಿತ್ತು. ಆ ಟೈಲರ್ ಬೇಡ ಅಂದದ್ದನ್ನು ನಾನು ಇವತ್ತಿಗೂ ಮೆಚ್ಚುತ್ತೇನೆ, ಹೂಂ ಅಂದು ಹಣ ತೆಗೆದುಕೊಳ್ಳಬಹುದಿತ್ತು.

ಅಲ್ಲಿಗೆ ಮುಗಿಯಲಿಲ್ಲ. ಸೂಟ್ ಮಡಚಿದ ಗೆರೆ ಹೋಗಲಿ ಅಂತ ವಿ ಅವರು ಇಸ್ತ್ರಿಪೆಟ್ಟಿಗೆಯನ್ನು ಪೂರ್ತಿ ಬಿಸಿಗೆ ಇಟ್ಟು, ಹಬೆ ಬಿಟ್ಟು, ಕೋಟಿನ ಎದೆಯ ಮೇಲೆ ನೇರವಾಗಿ ಒತ್ತಿದರು. ಕಾಲರ್ ಕೆಳಗಿನ ಮಡಿಕೆಯಲ್ಲಿ, ಎದೆಯ ಒಂದು ಕಡೆ, ಬಟ್ಟೆ ಗುಳ್ಳೆ ಎದ್ದ ಹಾಗೆ ಆಯಿತು. ಕಡಿಮೆ ಬೆಲೆಯ ಕೋಟುಗಳಲ್ಲಿ ಹೊರಬಟ್ಟೆಗೆ ಬಿಗಿ ಕೊಡಲು ಒಳಗೊಂದು ಪದರ ಇರುತ್ತದೆ, ಅದನ್ನು ಬಿಸಿಗೆ ಕರಗುವ ಅಂಟಿನಿಂದ ಅಂಟಿಸಿರುತ್ತಾರೆ. ಬಿಸಿ, ತೇವ ಜಾಸ್ತಿಯಾದರೆ ಅಂಟು ಅಲ್ಲಲ್ಲಿ ಬಿಡುತ್ತದೆ. ಒಮ್ಮೆ ಬಿಟ್ಟರೆ ಮೊದಲಿನ ಸ್ಥಿತಿಗೆ ತರುವುದು ಕಷ್ಟ. ದುಬಾರಿ ಕೋಟುಗಳಲ್ಲಿ ಅಂಟಿನ ಬದಲು ಕ್ಯಾನ್ವಾಸ್ ಬಟ್ಟೆಯನ್ನು ಹೊಲಿದಿರುತ್ತಾರೆ, ಅಲ್ಲಿ ಈ ತಾಪತ್ರಯ ಇಲ್ಲ. ಕೋಟಿನ ಎದೆಯ ಕೆಳಭಾಗದಲ್ಲಿ ಹೊರಬಟ್ಟೆಯನ್ನೂ ಒಳಬಟ್ಟೆಯನ್ನೂ ಬೆರಳಲ್ಲಿ ಹಿಡಿದು ಸ್ವಲ್ಪ ಬೇರೆ ಮಾಡಿ ನೋಡಿ. ನಡುವೆ ಮೂರನೆಯ ಪದರ ಸಡಿಲವಾಗಿ ಸಿಕ್ಕರೆ ಕ್ಯಾನ್ವಾಸ್, ಹೊರಬಟ್ಟೆಗೇ ಕಚ್ಚಿಕೊಂಡು ದಪ್ಪಗೆ ಇದ್ದರೆ ಅಂಟು. ಅಂಟಿನದ್ದು ಕೆಟ್ಟದ್ದು ಅಂತ ಅಲ್ಲ, ಜನ ಹಾಕುವ ಕೋಟುಗಳಲ್ಲಿ ಬಹುಪಾಲು ಅದೇ. ಬಿಸಿ ಕಡಿಮೆ ಇಟ್ಟು, ಮೇಲೊಂದು ತೆಳು ಹತ್ತಿ ಬಟ್ಟೆ ಹಾಸಿ ಇಸ್ತ್ರಿ ಮಾಡಿದರೆ ವರ್ಷಗಟ್ಟಲೆ ಬಾಳುತ್ತದೆ.

ಹೀಗೆ ಕೋಟು ಹೋಯಿತು. ಉಳಿದದ್ದು ಕಪ್ಪು ಪ್ಯಾಂಟ್, ಮೂರು ಶರ್ಟ್. ಆ ಶರ್ಟ್‌ಗಳಿಗೂ ಒಂದು ಸಮಸ್ಯೆ ಇತ್ತು. ಅವು ಇಸ್ತ್ರಿ ಬೇಡದ ಜಾತಿಯವು. ಹತ್ತಿ ಬಟ್ಟೆ ಸುಕ್ಕಾಗದಿರಲಿ ಅಂತ ಅದಕ್ಕೆ ರಾಳದಂಥ ರಾಸಾಯನಿಕ ಹಾಕಿ ನೂಲಿನೊಳಗೇ ಬಂಧ ಕೂರಿಸುತ್ತಾರೆ. ಸುಕ್ಕು ಕಡಿಮೆಯಾಗುತ್ತದೆ ನಿಜ, ಜೊತೆಗೆ ಬೆವರು ಹೀರುವ ಗುಣವೂ ಬಟ್ಟೆಯ ಗಟ್ಟಿತನವೂ ಒಂದಷ್ಟು ಕಡಿಮೆಯಾಗುತ್ತವೆ. ವಿ ಅವರಿಗೆ ಬೆವರು ಜಾಸ್ತಿ. ಮಧ್ಯಾಹ್ನದ ಹೊತ್ತಿಗೆ ಬೆನ್ನಿಗೆ ಅಂಟಿಕೊಳ್ಳುತ್ತಿತ್ತು.

ಎಲ್ಲವನ್ನೂ ಹಾಸಿಗೆ ಮೇಲೆ ಹರಡಿದ್ದು

ಇಷ್ಟಾದ ಮೇಲೂ ಅವರ ಪ್ರಶ್ನೆ, "ಉಳಿದ ದುಡ್ಡಲ್ಲಿ ಇನ್ನೊಂದು ಸೂಟ್ ಬರುತ್ತಾ?" ನಾನು ಉತ್ತರ ಹೇಳಲಿಲ್ಲ. ಮೊದಲು ಮನೆಯಲ್ಲಿರುವ ಆಫೀಸ್ ಬಟ್ಟೆಯನ್ನೆಲ್ಲ ಹೊರಗೆ ತೆಗೆಯಿರಿ ಅಂದೆ. ಪ್ರತಿಯೊಂದನ್ನೂ ಹಾಕಿ ನೋಡುವುದು, ಕೊನೆಯ ಸಲ ಯಾವಾಗ ಹಾಕಿದಿರಿ, ಆಮೇಲೆ ಯಾಕೆ ಹಾಕಲಿಲ್ಲ ಅಂತ ಬರೆಯುವುದು. ಇಷ್ಟವೋ ಇಲ್ಲವೋ ಅಂತ ಕೇಳಬಾರದು. ಆ ಪ್ರಶ್ನೆಗೆ ಎಲ್ಲರೂ "ಇಷ್ಟಾನೇ" ಅನ್ನುತ್ತಾರೆ, ಬಟ್ಟೆ ಮತ್ತೆ ಬೀರುವಿಗೆ ಹೋಗುತ್ತದೆ.

ಶರ್ಟ್ 14 ಬಂದವು. ನಾಲ್ಕರ ಕಾಲರ್ ಸವೆದಿತ್ತು, ಇಲ್ಲವೇ ಹಳದಿಯಾಗಿತ್ತು. ನಾಲ್ಕು ಹೊಟ್ಟೆಯ ಹತ್ತಿರ ದೊಗಳೆ. ಎರಡರಲ್ಲಿ ಕುತ್ತಿಗೆ ಗುಂಡಿ ಹಾಕಿದರೆ ಉಸಿರು ಕಟ್ಟುತ್ತಿತ್ತು. ಮೂರು ಆ ಹೊಸ ಪ್ಯಾಕಿನವು. ಸರಿಯಾಗಿದ್ದದ್ದು ಒಂದೇ ಒಂದು, ತಿಳಿನೀಲಿ ಬಣ್ಣದ್ದು. ಪ್ಯಾಂಟ್ ನಾಲ್ಕು: ಒಂದು ಸೂಟಿನದ್ದು, ಒಂದು ಕೂರುವ ಜಾಗದಲ್ಲಿ ಉಜ್ಜಿ ಹೊಳಪು ಬಂದದ್ದು, ಒಂದು ಉದ್ದ ಜಾಸ್ತಿಯಾಗಿ ಶೂ ಮೇಲೆ ಗುಡ್ಡೆ ಬೀಳುತ್ತಿದ್ದದ್ದು, ಇನ್ನೊಂದು ಸೊಂಟ ಬಿಗಿ. ಶೂ ಒಂದೇ ಜೊತೆ, ಕಪ್ಪು, ಹಿಮ್ಮಡಿ ಒಂದು ಕಡೆ ಸವೆದು ವಾಲಿತ್ತು.

ಆಮೇಲೆ ಒಂದು ಹಾಳೆಯಲ್ಲಿ ಅಡ್ಡಕ್ಕೆ ಪ್ಯಾಂಟ್, ಉದ್ದಕ್ಕೆ ಶರ್ಟ್ ಬರೆದು, ಯಾವುದಕ್ಕೆ ಯಾವುದು ಹೊಂದುತ್ತದೋ ಅಲ್ಲಿ ಮಾತ್ರ ಗುರುತು ಹಾಕಿದೆವು. ಹಾಳೆ ತುಂಬ ಖಾಲಿ ಮನೆಗಳು. ಶರ್ಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ದಪ್ಪ ಗೆರೆ, ಚೌಕಳಿ. ಒಂದೊಂದೇ ನೋಡಿದರೆ ಚೆನ್ನಾಗಿಯೇ ಇದ್ದವು. ಒಂದೊಂದನ್ನೂ ಬೇರೆ ಬೇರೆ ವರ್ಷ, ಬೇರೆ ಬೇರೆ ರಿಯಾಯಿತಿಯಲ್ಲಿ, ಮನೆಯಲ್ಲಿ ಏನಿದೆ ಅಂತ ಯೋಚಿಸದೆ ಕೊಂಡದ್ದು. ಈ ಹಾಳೆ ನೋಡಿದ ಮೇಲೆ ಅವರು ಸೂಟ್ ಮಾತು ಸ್ವಲ್ಪ ಹೊತ್ತು ಬಿಟ್ಟರು. ಶರ್ಟ್ ಕಡಿಮೆ ಇರುವುದರಿಂದ ಈ ಪಾಡು ಅಂದುಕೊಂಡಿದ್ದರು, ನಿಜವಾಗಿ ದಾರಿಗೆ ಅಡ್ಡ ಬಂದದ್ದು ಪ್ಯಾಂಟ್.

ಬಣ್ಣದ ವಿಚಾರ ಅಲ್ಲೇ ತೀರ್ಮಾನವಾಯಿತು. ಪ್ಯಾಂಟ್ ಬೂದು ಮತ್ತು ಕಡುನೀಲಿ. ಶರ್ಟ್ ಬಿಳಿ ಮತ್ತು ತಿಳಿನೀಲಿ, ತೀರಾ ಬೇಸರ ಬಂದರೆ ಸಣ್ಣ ಗೆರೆ. ಬೇಸರದ ಪಟ್ಟಿ ಅಂತ ಅವರಿಗೂ ಅನ್ನಿಸಿತು, ನನಗೂ ಗೊತ್ತು. ಆದರೆ ಹಣ ಕಡಿಮೆ ಇದ್ದಾಗ ಯಾವ ಶರ್ಟ್ ಎತ್ತಿಕೊಂಡರೂ ಯಾವ ಪ್ಯಾಂಟಿಗೂ ಹೊಂದಬೇಕು. ಮೂರು ಪ್ಯಾಂಟ್, ಐದು ಶರ್ಟ್ ಹೀಗೆ ಹೊಂದಿಕೊಂಡರೆ 15 ಜೋಡಿ ಆಗುತ್ತದೆ. ಅವರ 14 ಶರ್ಟ್, ನಾಲ್ಕು ಪ್ಯಾಂಟಿನಲ್ಲಿ ಮರ್ಯಾದೆಯಾಗಿ ಕಾಣುವ ಜೋಡಿ ಅದರ ಅರ್ಧವೂ ಇರಲಿಲ್ಲ.

ಟೈಲರ್ ಹತ್ತಿರ ಹೋದ ಮೇಲೆ

ಹೊಸದು ಕೊಳ್ಳುವ ಮೊದಲು ಇರುವುದರಲ್ಲಿ ಏನು ಉಳಿಯುತ್ತದೆ ಅಂತ ನೋಡಬೇಕಿತ್ತು. ಸೊಂಟ ಬಿಗಿಯಿದ್ದ ಪ್ಯಾಂಟ್ ಒಳಗೆ ತಿರುಗಿಸಿದರೆ ಹಿಂದಿನ ಹೊಲಿಗೆಯಲ್ಲಿ ಎರಡೂ ಕಡೆ ಚೆನ್ನಾಗಿ ಬಟ್ಟೆ ಬಿಟ್ಟಿದ್ದರು. ಬಿಚ್ಚಿ ಹೊಲಿದರೆ ಮೂರು ಸೆಂಟಿಮೀಟರ್ ಸಡಿಲ ಸಿಗುತ್ತಿತ್ತು. ಉದ್ದ ಜಾಸ್ತಿ ಇದ್ದದ್ದು ಕಾಲಿನ ತುದಿ ಮಡಚಿ ಹೊಲಿಯುವ ಕೆಲಸ, ಏನೂ ಅಲ್ಲ. ದೊಗಳೆ ಶರ್ಟ್‌ಗಳಿಗೆ ಪಕ್ಕದ ಹೊಲಿಗೆ ಒಳಗೆ ತೆಗೆದುಕೊಂಡರೆ ಆಯಿತು, ಭುಜದ ಹೊಲಿಗೆ ಭುಜದ ಮೂಳೆಯ ತುದಿಗೇ ಬರುತ್ತಿದ್ದರೆ ಮಾತ್ರ. ನಾಲ್ಕರಲ್ಲಿ ಎರಡು ಈ ಪರೀಕ್ಷೆ ಪಾಸಾದವು. ಉಳಿದ ಎರಡರ ಭುಜವೂ ಜೋತು ಬಿದ್ದಿತ್ತು, ಬಿಟ್ಟೆವು. ಕುತ್ತಿಗೆ ಬಿಗಿಯಿರುವ ಶರ್ಟಿಗೆ ಮಾಡುವುದು ಏನೂ ಇಲ್ಲ. ಕಾಲರ್ ದೊಡ್ಡದು ಮಾಡುವ ಹುಚ್ಚಿಗೆ ಯಾರೂ ಹೋಗಬಾರದು.

ಕಾಲರ್ ಸವೆದ ನಾಲ್ಕರಲ್ಲಿ ಎರಡಕ್ಕೆ ಹಳೆಯ ಕಾಲದ ಉಪಾಯ ನಡೆಯಿತು. ಕಾಲರ್ ಬಿಚ್ಚಿ, ಹಿಂದುಮುಂದು ಮಾಡಿ, ಸವೆದ ಮುಖ ಒಳಗೆ ಹೋಗುವ ಹಾಗೆ ಮತ್ತೆ ಹೊಲಿಯುವುದು. ಕಾಲರಿನ ಎರಡೂ ಮುಖ ಒಂದೇ ಬಟ್ಟೆ ಇದ್ದು, ತುದಿಗೆ ಗುಂಡಿಯಾಗಲಿ ಕಡ್ಡಿ ತೂರಿಸುವ ಜೇಬಾಗಲಿ ಇಲ್ಲದಿದ್ದರೆ ಇದು ಆಗುತ್ತದೆ. ಎಲ್ಲ ಟೈಲರ್‌ಗಳೂ ಮಾಡುವುದಿಲ್ಲ, ಇವರು ಮಾಡಿದರು.

ನಾನು ಒತ್ತಿ ಹೇಳಿದ ಒಂದು ಮಾತು: ಎಲ್ಲವನ್ನೂ ಒಟ್ಟಿಗೆ ಕೊಡಬೇಡಿ. ಮೊದಲು ಒಂದೇ ಶರ್ಟ್, ಅದೂ ಹಾಳಾದರೆ ಅಳು ಬರದಂಥದ್ದು. ಅದು ಹೇಗೆ ಬಂತು ಅಂತ ನೋಡಿ ಉಳಿದದ್ದು. ಮೊದಲನೆಯದು ತೀರಾ ಮೈಗೆ ಅಂಟಿಕೊಂಡು ಬಂತು, ಕೂತರೆ ಗುಂಡಿಗಳ ನಡುವೆ ಬಾಯಿ ಬಿಡುತ್ತಿತ್ತು, ಮತ್ತೆ ಸ್ವಲ್ಪ ಸಡಿಲ ಮಾಡಿಸಬೇಕಾಯಿತು. ಎರಡನೆಯದಕ್ಕೆ ಅಳತೆ ಕೊಡುವಾಗ ವಿ ಅವರು ನಿಂತು ಅಳತೆ ಕೊಟ್ಟಿದ್ದಲ್ಲದೆ, ಕುರ್ಚಿಯಲ್ಲಿ ಕೂತು ಕೈ ಮುಂದೆ ಚಾಚಿಯೂ ತೋರಿಸಿದರು. ಅದು ಸರಿಯಾಗಿ ಬಂತು. ಆಫೀಸಿನಲ್ಲಿ ನಾವು ನಿಲ್ಲುವುದಕ್ಕಿಂತ ಕೂರುವುದೇ ಜಾಸ್ತಿ ಅಲ್ವಾ.

ಈ ಹಂತಕ್ಕೆ ಹೊಸ ಬಟ್ಟೆ ಒಂದೂ ಕೊಳ್ಳದೆ ಐದು ಶರ್ಟ್, ಮೂರು ಪ್ಯಾಂಟ್ ತಯಾರಾದವು. ಕಾಲರ್ ತಿರುಗಿಸಿದ್ದರಲ್ಲಿ ಒಂದು ಚೌಕಳಿ, ಅದನ್ನು ಮೀಟಿಂಗ್ ಇಲ್ಲದ ದಿನಕ್ಕೆ ಇಟ್ಟುಕೊಂಡರು.

ಸೂಟ್ ಬೇಕೋ ಬೇಡವೋ

ಇಲ್ಲೇ ನಮ್ಮಿಬ್ಬರಿಗೂ ವಾದ ಆದದ್ದು. ಮೊದಲ ದೊಡ್ಡ ಮೀಟಿಂಗ್‌ಗೆ ಒಂದು ತಿಂಗಳು ಬಾಕಿ ಇತ್ತು. ನನ್ನ ವಾದ: ಸೂಟ್ ಹಾಕುವುದು ತಿಂಗಳಿಗೆ ಎರಡೋ ಮೂರೋ ಸಲ. ಪ್ಯಾಂಟ್, ಶೂ ದಿನಾ. ಬೆಲೆಯನ್ನು ಹಾಕಿಕೊಳ್ಳುವ ದಿನಗಳಿಂದ ಭಾಗಿಸಿ ನೋಡಿ, ಶೂ ಎಷ್ಟು ಅಗ್ಗ ಅಂತ ಗೊತ್ತಾಗುತ್ತದೆ. ಅವರ ವಾದ: ದಿನಾ ನೋಡುವವರು ನನ್ನ ಜೊತೆಯವರು, ಅವರಿಗೆ ನಾನು ಯಾರು ಅಂತ ಗೊತ್ತು. ಆ ಮೀಟಿಂಗ್‌ನಲ್ಲಿ ನೋಡುವವರು ನನ್ನನ್ನು ಮೊದಲ ಸಲ ನೋಡುತ್ತಾರೆ.

ಅವರ ಮಾತಲ್ಲಿ ಹುರುಳಿತ್ತು. ದಿನಗಳಿಂದ ಭಾಗಿಸುವ ಲೆಕ್ಕ ಎಲ್ಲ ದಿನವೂ ಒಂದೇ ತೂಕ ಅಂತ ಹಿಡಿಯುತ್ತದೆ, ಹಾಗಿರುವುದಿಲ್ಲ. ಆದರೆ ಉಳಿದ ಹಣದಲ್ಲಿ ಒಳ್ಳೆಯ ಸೂಟ್ ಬಂದರೆ ಶೂಗೆ ಏನೂ ಉಳಿಯುತ್ತಿರಲಿಲ್ಲ. ಅಗ್ಗದ ಸೂಟ್ ಏನಾಗುತ್ತದೆ ಅಂತ ಆಗಲೇ ನೋಡಿದ್ದೆವು. ವಾಲಿದ ಶೂ ಮೇಲೆ ಹೊಸ ಸೂಟ್ ಹಾಕಿಕೊಂಡು ಹೋಗುವುದನ್ನು ಅವರೇ ಊಹಿಸಿಕೊಂಡು ನಕ್ಕರು. ಕೊನೆಗೆ ಒಂದು ನಡುದಾರಿ: ಕೋಟು ಬೇಕು, ಆದರೆ ಸೂಟ್ ಬೇಡ. ಕಡುನೀಲಿ ಬ್ಲೇಜರ್ ಒಂದು, ಬೂದು ಪ್ಯಾಂಟಿನ ಮೇಲೆ ಹಾಕುವಂಥದ್ದು. ಅದೂ ಬೇರೆಯವರು ಬಳಸಿದ್ದು.

ಬಳಸಿದ್ದು ಅಂದ ತಕ್ಷಣ ಅವರ ಮುಖ ಸಪ್ಪಗಾಯಿತು. ಯಾರೋ ಹಾಕಿ ಬಿಟ್ಟ ಕೋಟು, ಅದೂ ಬಡ್ತಿ ಸಿಕ್ಕ ಮೇಲೆ. ಇದು ಬಟ್ಟೆಯ ಪ್ರಶ್ನೆ ಅಲ್ಲ ಅಂತ ನನಗೆ ಗೊತ್ತಿತ್ತು, ಹಾಗಾಗಿ ಒತ್ತಾಯ ಮಾಡಲಿಲ್ಲ. ಅವರ ಅಕ್ಕ ಕೇಳಿದರಂತೆ, "ಹೋಟೆಲ್ ಹಾಸಿಗೆ ಮೇಲೆ ಮಲಗುವಾಗ ಇಲ್ಲದ ಮಡಿ ಇದಕ್ಕೆ ಎಲ್ಲಿಂದ ಬಂತೋ?" ಅದಾದ ಮೇಲೆ ನೋಡಲು ಒಪ್ಪಿದರು. ನೋಡುವುದಕ್ಕೆ ಮಾತ್ರ ಅಂತ ಷರತ್ತು.

ಮೊದಲು ಅವರ ಕಣ್ಣಿಗೆ ಬಿದ್ದ ಕೋಟಿನ ಒಳಗೆ "ಸೂಪರ್ 150" ಅಂತ ಚೀಟಿ ಇತ್ತು. ನೂರಕ್ಕಿಂತ ನೂರೈವತ್ತು ದೊಡ್ಡದು, ಹಾಗಾಗಿ ಒಳ್ಳೆಯದು ಅಂತ ಅವರು ಹಿಡಿದುಕೊಂಡರು. ಆ ಸಂಖ್ಯೆ ಹೇಳುವುದು ಉಣ್ಣೆಯ ಎಳೆ ಎಷ್ಟು ತೆಳು ಅಂತ ಅಷ್ಟೇ. ಉಣ್ಣೆ ಉದ್ಯಮದ ನಿಯಮದ ಪ್ರಕಾರ ಸೂಪರ್ 100 ಅನ್ನಲು ಎಳೆಯ ಸರಾಸರಿ ದಪ್ಪ 18.75 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗಕ್ಕೆ ಒಂದು ಮೈಕ್ರಾನ್) ಮೀರಬಾರದು, ಸೂಪರ್ 150 ಅನ್ನಲು 16.25. ತೆಳು ಆದಷ್ಟೂ ಮೆತ್ತಗೆ, ನಯ. ಜೊತೆಗೆ ಬೇಗ ಸುಕ್ಕಾಗುವುದು, ಬೇಗ ಸವೆಯುವುದೂ ಸಾಮಾನ್ಯ. ದಿನಬಳಕೆಗೆ 100ರ ಆಸುಪಾಸು ಸಾಕು. ಆ ಕೋಟಿನ ಮೊಣಕೈ ಭಾಗವನ್ನು ಬೆಳಕಿಗೆ ಹಿಡಿದರೆ ಆಚೆ ಕಡೆಯ ಬೆರಳು ಕಾಣುತ್ತಿತ್ತು. ಅಲ್ಲಿಗೆ ಆ ಮಾತು ಮುಗಿಯಿತು.

ಬಳಸಿದ ಕೋಟುಗಳಲ್ಲಿ ಇನ್ನೊಂದು ತಮಾಷೆ ಇದೆ. ಅಲ್ಲಿ ನೇತಾಡುವ ಬಹಳಷ್ಟು ಕೋಟು ಮೂಲದಲ್ಲಿ ಸೂಟಿನ ಅರ್ಧ. ಪ್ಯಾಂಟ್ ಮೊದಲು ಹರಿಯುತ್ತದೆ, ಕೋಟು ಒಂಟಿಯಾಗುತ್ತದೆ. ಅಂಥದ್ದನ್ನು ಬೇರೆ ಪ್ಯಾಂಟ್ ಮೇಲೆ ಹಾಕಿದರೆ ನಯವಾದ ಬಟ್ಟೆಯಿಂದ ಗುಟ್ಟು ರಟ್ಟಾಗುತ್ತದೆ. ಬ್ಲೇಜರ್ ಆಗಿ ಹಾಕಲು ಬಟ್ಟೆಯಲ್ಲಿ ಸ್ವಲ್ಪ ತರಿ, ನೇಯ್ಗೆ ಕಾಣಬೇಕು. ಕೊನೆಗೆ ಸಿಕ್ಕಿದ್ದು ಅಂಥದ್ದೇ ಒಂದು. ಭುಜ ಸರಿಯಾಗಿ ಕೂತಿತು, ಕೋಟಿನ ಉದ್ದವೂ ಸರಿ. ಸೊಂಟದ ಹತ್ತಿರ ಸಡಿಲ, ತೋಳು ಒಂದೂವರೆ ಸೆಂಟಿಮೀಟರ್ ಉದ್ದ. ಈ ಎರಡೂ ಟೈಲರ್ ಸುಲಭವಾಗಿ ಸರಿ ಮಾಡುವಂಥ ದೋಷ. ತೋಳಿನ ತುದಿಯ ಗುಂಡಿಗಳಿಗೆ ನಿಜವಾದ ಕಾಜಾ ಕತ್ತರಿಸಿರಲಿಲ್ಲ, ಬರೀ ಅಲಂಕಾರಕ್ಕೆ ಹೊಲಿದಿದ್ದವು, ಹಾಗಾಗಿ ತುದಿಯಿಂದಲೇ ಗಿಡ್ಡ ಮಾಡಬಹುದಿತ್ತು. ಕಾಜಾ ಕತ್ತರಿಸಿದ್ದರೆ ತೋಳನ್ನು ಮೇಲಿನಿಂದ ಬಿಚ್ಚಬೇಕು, ಖರ್ಚು ಬೇರೆಯೇ. ಕಂಕುಳ ವಾಸನೆ, ಒಳಬಟ್ಟೆ ಹರಿದಿದೆಯಾ, ಹುಳು ತಿಂದ ತೂತು ಇದೆಯಾ, ಎಲ್ಲ ನೋಡಿ ತೆಗೆದುಕೊಂಡರು. ಆರು ತಿಂಗಳ ಬಜೆಟ್‌ನ ನೂರರಲ್ಲಿ ಎಂಟು ಭಾಗ ಹೋಯಿತು, ಅಷ್ಟೇ.

ಮೀಟಿಂಗ್ ಆಯಿತು. ಬಟ್ಟೆ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ. ಅವರಿಗೆ ಸ್ವಲ್ಪ ನಿರಾಸೆಯೇ ಆಗಿತ್ತು ಅಂತ ಕಾಣುತ್ತದೆ, ನನಗೆ ಮಾತ್ರ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕಿರಲಿಲ್ಲ.

ಶೂ

ಉಳಿದ ಹಣದಲ್ಲಿ ದೊಡ್ಡ ಪಾಲು ಇದಕ್ಕೆ. ಕಡುಕಂದು, ಲೇಸ್ ಇರುವ, ಸಾದಾ ಮೂತಿಯ ಶೂ. ನೋಡಿದ್ದು ಎರಡೇ ವಿಷಯ. ಒಂದು, ಚರ್ಮ. ಮೇಲ್ಮೈಯನ್ನು ಉಜ್ಜಿ ಪ್ಲಾಸ್ಟಿಕ್‌ನಂಥ ಲೇಪ ಕೊಟ್ಟ ಚರ್ಮ ಅಂಗಡಿಯಲ್ಲಿ ಗಾಜಿನ ಹಾಗೆ ಹೊಳೆಯುತ್ತದೆ, ಕೆಲವು ತಿಂಗಳಿಗೆ ಬೆರಳು ಬಗ್ಗುವ ಜಾಗದಲ್ಲಿ ಬಿರುಕು ಬಿಡುತ್ತದೆ, ಆ ಬಿರುಕಿಗೆ ಯಾವ ಪಾಲಿಶ್ ಹಾಕಿದರೂ ಹೋಗುವುದಿಲ್ಲ. ಎರಡು, ಅಟ್ಟೆ. ಬರೀ ಅಂಟಿಸಿದ್ದೋ, ಹೊಲಿದದ್ದೋ. ಸುತ್ತ ಪಟ್ಟಿ ಇಟ್ಟು ಹೊಲಿದ ಗುಡ್‌ಇಯರ್ ವೆಲ್ಟ್ ಶೂಗಳಿಗೆ ಅಟ್ಟೆ ಸವೆದಾಗ ಮೇಲಿನ ಚರ್ಮಕ್ಕೆ ಏಟಾಗದೆ ಹೊಸ ಅಟ್ಟೆ ಹಾಕಬಹುದು, ಅದೂ ಹಲವು ಸಲ. ಅದು ಅವರ ಬಜೆಟ್‌ಗೆ ಸ್ವಲ್ಪ ಎಟುಕದ ಮಾತಾಗಿತ್ತು. ಹಳೆಯ ಮಾದರಿ ಅಂತ ಬೆಲೆ ಇಳಿಸಿದ್ದ ಒಂದು ಜೊತೆ ಸಿಕ್ಕಿದ್ದು ಅದೃಷ್ಟ. ಎಲ್ಲರಿಗೂ ಸಿಗುತ್ತದೆ ಅಂತ ಹೇಳಲಾರೆ.

ಹಳೆಯ ಕಪ್ಪು ಶೂವನ್ನು ಎಸೆಯಲು ಹೊರಟಿದ್ದರು. ಹಿಮ್ಮಡಿಯ ತುಂಡು ಬದಲಿಸಿ, ಒಳ ಅಟ್ಟೆ ಹೊಸದು ಹಾಕಿಸಿದರೆ ಇನ್ನೂ ಒಂದು ವರ್ಷ ಬರುತ್ತಿತ್ತು, ಬಂತು ಕೂಡ. ಹಳೆಯದರ ಮೇಲಿನ ಪ್ರೀತಿಗೆ ಹೇಳಿದ್ದಲ್ಲ ಇದು. ದಿನವಿಡೀ ಕಾಲಿನ ಬೆವರನ್ನು ಚರ್ಮ ಹೀರಿಕೊಂಡಿರುತ್ತದೆ, ಅದು ಒಣಗಲು ಒಂದು ದಿನವಾದರೂ ಬೇಕು. ಒಂದೇ ಜೊತೆಯನ್ನು ದಿನಾ ಹಾಕಿದರೆ ಎಷ್ಟು ಒಳ್ಳೆಯ ಶೂ ಆದರೂ ಒಳಗಿಂದ ಕೊಳೆಯುತ್ತದೆ. ಎರಡು ಜೊತೆ ಸರದಿಯಲ್ಲಿ ಹಾಕಿದರೆ ಎರಡೂ ಜಾಸ್ತಿ ದಿನ ಬರುತ್ತವೆ. ಕಂದು ಶೂಗೆ ಹೊಂದುವ ಬೆಲ್ಟ್ ಒಂದು ತೆಗೆದುಕೊಂಡರು.

ಎರಡು ಹೊಸ ಪ್ಯಾಂಟನ್ನೂ ಇದೇ ಹೊತ್ತಿಗೆ ಕೊಂಡರು, ಉಣ್ಣೆ ಮಿಶ್ರಿತ ಬೂದು ಒಂದು, ಕಡುನೀಲಿ ಒಂದು.

ತಿಂಗಳೊಳಗೆ ಹಳದಿಯಾದ ಕಾಲರ್

ಮೂರನೇ ತಿಂಗಳಲ್ಲಿ ಎರಡು ಬಿಳಿ ಶರ್ಟ್ ಹೊಸದಾಗಿ ತಂದರು. ನಾಲ್ಕು ವಾರಕ್ಕೆ ಕಾಲರ್ ಒಳಭಾಗ, ಕಂಕುಳು ಹಳದಿ. ಬ್ಲೀಚ್ ಹಾಕಿದರು, ಇನ್ನೂ ಹಳದಿಯಾಯಿತು. ಆಗ ಗೊತ್ತಾಯಿತು, ಅವರ ಶರ್ಟ್‌ಗಳು ಇಷ್ಟು ಬೇಗ ಹಾಳಾಗುತ್ತಿದ್ದದ್ದು ಮೈಮೇಲೆ ಅಲ್ಲ, ಬಟ್ಟೆ ಒಗೆಯುವಲ್ಲಿ. ಇದು ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಹಣ ಉಳಿಸಿದ ಜಾಗ, ಆದರೂ ನೋಡಿದವರಿಗೆ ಕಾಣುವುದಿಲ್ಲ.

ಕಂಕುಳ ಹಳದಿಗೆ ಬರೀ ಬೆವರು ಕಾರಣ ಅಲ್ಲ. ಬೆವರು ತಡೆಯುವ ರೋಲ್ ಆನ್‌ಗಳಲ್ಲಿ ಅಲ್ಯೂಮಿನಿಯಂ ಲವಣ ಇರುತ್ತದೆ, ಅದು ಬೆವರಿನ ಜೊತೆ ಸೇರಿ ಬಟ್ಟೆಗೆ ಕಚ್ಚುತ್ತದೆ. ಕ್ಲೋರಿನ್ ಬ್ಲೀಚ್ ಇಂಥ ಕಲೆಯನ್ನು ಇನ್ನಷ್ಟು ಹಳದಿ ಮಾಡಬಹುದು. ಬದಲಾಯಿಸಿದ್ದು ಸಣ್ಣ ಸಣ್ಣ ವಿಷಯ: ರೋಲ್ ಆನ್ ಹಚ್ಚಿ ಒಣಗಿದ ಮೇಲೆ ಶರ್ಟ್ ಹಾಕುವುದು, ಶರ್ಟನ್ನು ಬುಟ್ಟಿಯಲ್ಲಿ ವಾರ ಪೂರ್ತಿ ಬಿಡದೆ ಅವತ್ತೇ ಕಾಲರಿಗೆ ಸ್ವಲ್ಪ ಸೋಪು ತಿಕ್ಕಿ ನೆನೆಸುವುದು, ಕಲೆ ಜಾಸ್ತಿ ಇದ್ದರೆ ಕ್ಲೋರಿನ್ ಇಲ್ಲದ ಆಕ್ಸಿಜನ್ ಬ್ಲೀಚ್ ಪುಡಿ ಹಾಕಿದ ಬೆಚ್ಚಗಿನ ನೀರಿನಲ್ಲಿ ಕೆಲವು ಗಂಟೆ ಇಡುವುದು. ಜೀನ್ಸ್ ಜೊತೆ ಒಟ್ಟಿಗೆ ಮೆಷಿನ್‌ಗೆ ಹಾಕಬಾರದು, ಅದರ ಝಿಪ್ಪು, ಒರಟು ಬಟ್ಟೆ ಉಜ್ಜಿ ಕಾಲರ್ ತುದಿ ಸವೆಯುತ್ತದೆ. ಆ ಎರಡು ಶರ್ಟ್‌ಗಳಲ್ಲಿ ಒಂದು ಪೂರ್ತಿ ಬಿಳಿಯಾಯಿತು, ಇನ್ನೊಂದು ಮುಕ್ಕಾಲು.

ಪ್ಯಾಂಟ್ ಕೂರುವ ಜಾಗದಲ್ಲಿ ಹೊಳೆಯುವುದಕ್ಕೂ ಅರ್ಧ ಕಾರಣ ಇಸ್ತ್ರಿ. ಬಿಸಿ ಲೋಹ ನೇರವಾಗಿ ಒತ್ತಿದರೆ ಎಳೆಗಳು ಚಪ್ಪಟೆಯಾಗುತ್ತವೆ, ಪಾಲಿಯೆಸ್ಟರ್ ಇದ್ದರೆ ಮೆತ್ತಗಾಗಿ ಹಾಗೇ ಕೂತುಬಿಡುತ್ತದೆ. ಒಳಗಡೆಯಿಂದ ಇಸ್ತ್ರಿ, ಇಲ್ಲವೇ ನಡುವೆ ಬಟ್ಟೆ. ಉಣ್ಣೆ ಪ್ಯಾಂಟನ್ನು ಪ್ರತಿ ಸಲ ತೊಳೆಯುವ ಅಗತ್ಯವೂ ಇಲ್ಲ. ಬ್ರಷ್ ಮಾಡಿ, ಒಂದು ದಿನ ನೇತು ಹಾಕಿದರೆ ಸುಕ್ಕು ತಾನೇ ಬಿಡುತ್ತದೆ.

ಎಡವಿದ್ದು

ನಾಲ್ಕನೇ ತಿಂಗಳಲ್ಲಿ ವಿ ಅವರು ಪಟ್ಟಿಯಲ್ಲಿ ಇಲ್ಲದ ಒಂದು ತಿಳಿಗಂದು ಹತ್ತಿ ಪ್ಯಾಂಟ್ ತಂದರು. ಬೂದು, ನೀಲಿ ನೋಡಿ ನೋಡಿ ಸಾಕಾಗಿತ್ತಂತೆ. ಬಣ್ಣ ತಪ್ಪಲ್ಲ, ಕಡುನೀಲಿ ಬ್ಲೇಜರಿಗೆ ಚೆನ್ನಾಗಿಯೇ ಹೊಂದುತ್ತದೆ. ಬಟ್ಟೆ ತೀರಾ ತೆಳು. ಒಳಗಿನ ಜೇಬಿನ ಆಕಾರ ಹೊರಗೆ ಕಾಣುತ್ತಿತ್ತು, ಮಧ್ಯಾಹ್ನಕ್ಕೆ ಮೊಣಕಾಲ ಹಿಂದೆ ಸುಕ್ಕಿನ ಗೊಂಚಲು. ಉದ್ದವನ್ನು ಒಗೆಯುವ ಮೊದಲೇ ಕತ್ತರಿಸಿ ಹೊಲಿಸಿದ್ದರಿಂದ ಮೊದಲ ಒಗೆತಕ್ಕೆ ಕುಗ್ಗಿ ಕಣಕಾಲು ಕಾಣಿಸತೊಡಗಿತು. ಹತ್ತಿ ಪ್ಯಾಂಟನ್ನು ಒಮ್ಮೆ ಒಗೆದು ಆಮೇಲೆ ಉದ್ದ ಮಾಡಿಸಬೇಕು. ಇದರಿಂದ ಬಜೆಟ್ ಮಿತಿ ಸ್ವಲ್ಪ ದಾಟಿತು.

ಇದಕ್ಕಿಂತ ಮುಖ್ಯವಾದದ್ದು ಐದನೇ ತಿಂಗಳಲ್ಲಿ ಆಯಿತು. ಕೂತು ಮಾಡುವ ಕೆಲಸ, ಮೀಟಿಂಗ್ ನಡುವೆ ತಿಂಡಿ, ಸೊಂಟ ಎರಡು ಸೆಂಟಿಮೀಟರ್ ಹೆಚ್ಚಿತು. ಬೂದು ಪ್ಯಾಂಟಿನ ಒಳಗೆ ಬಿಟ್ಟ ಬಟ್ಟೆ ಇತ್ತು, ಬಿಡಿಸಿದರು, ಕೆಲಸ ಮುಗಿಯಿತು. ಕಡುನೀಲಿ ಪ್ಯಾಂಟಿನ ಒಳಗೆ ಹೊಲಿಗೆಯಿಂದ ಆಚೆಗೆ ಅರ್ಧ ಬೆರಳೂ ಬಟ್ಟೆ ಇರಲಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ ದರ್ಜೆಯ ಪ್ಯಾಂಟ್, ಬೆಲೆಯೂ ಹೆಚ್ಚುಕಡಿಮೆ ಒಂದೇ. ಒಂದು ಬಾಳಿತು, ಇನ್ನೊಂದು ಬೀರುವಿಗೆ ಹೋಯಿತು. ಅವತ್ತಿನಿಂದ ಅವರು ಅಂಗಡಿಯಲ್ಲಿ ಪ್ಯಾಂಟ್ ಹಿಡಿದರೆ ಮೊದಲು ಒಳಗೆ ತಿರುಗಿಸಿ ಹಿಂದಿನ ಹೊಲಿಗೆ ನೋಡುತ್ತಾರೆ, ಬಣ್ಣ ಆಮೇಲೆ. ಬಟ್ಟೆ ಬಗ್ಗೆ ಇಷ್ಟೆಲ್ಲ ಮಾತಾಡಿದ ಮೇಲೂ ಅವರಿಗೆ ನಿಜವಾಗಿ ಮೈಗೂಡಿದ ಅಭ್ಯಾಸ ಇದೊಂದೇ ಅಂತ ನನ್ನ ಅಂದಾಜು.

ಲೆಕ್ಕ, ಈಗಿನ ಸ್ಥಿತಿ

ಬಜೆಟ್ ನೂರು ಅಂತ ಇಟ್ಟುಕೊಂಡರೆ, ಮೊದಲ ಸೂಟ್ ಮತ್ತು ಶರ್ಟ್ ಪ್ಯಾಕಿಗೆ 25 ಹೋಗಿತ್ತು. ಹೊಸ ಶೂ, ಬೆಲ್ಟಿಗೆ 27. ಎರಡು ಪ್ಯಾಂಟಿಗೆ 20. ಟೈಲರ್, ಹಳೆಯ ಶೂ ರಿಪೇರಿ ಸೇರಿ 12. ಬ್ಲೇಜರ್ 8. ಬಿಳಿ ಶರ್ಟ್ ಎರಡಕ್ಕೆ 8. ಅಲ್ಲಿಗೆ ಸರಿಯಾಗಿ ನೂರು, ಆ ತಿಳಿಗಂದು ಪ್ಯಾಂಟ್ ಮೇಲೆ. ಟೈಲರಿಗೆ ಹೋದ ಪಾಲು ಎಷ್ಟು ಚಿಕ್ಕದು ನೋಡಿ. ಅಷ್ಟರಲ್ಲಿ ಎರಡು ಪ್ಯಾಂಟ್, ನಾಲ್ಕು ಶರ್ಟ್, ಒಂದು ಬ್ಲೇಜರ್ ಬಳಕೆಗೆ ಬಂದವು. ಮೊದಲ 25 ಉಳಿದಿದ್ದರೆ ಅಂತ ವಿ ಅವರು ಆಗಾಗ ಹೇಳುತ್ತಾರೆ. ನನಗೆ ಅಷ್ಟೊಂದು ಬೇಸರ ಇಲ್ಲ, ಆ ಸೂಟಿನ ಕಪ್ಪು ಪ್ಯಾಂಟ್ ಮಳೆ ಬರುವ ದಿನಗಳಿಗೆ, ಗೋದಾಮಿಗೆ ಹೋಗಬೇಕಾದ ದಿನಗಳಿಗೆ ಇನ್ನೂ ನಡೆಯುತ್ತಿದೆ, ಬೇಗ ಒಣಗುತ್ತದೆ.

ಈಗ ಅವರ ಹತ್ತಿರ ಆಫೀಸಿಗೆ ಅಂತ ಏಳು ಶರ್ಟ್, ನಾಲ್ಕು ಪ್ಯಾಂಟ್, ಒಂದು ಬ್ಲೇಜರ್, ಎರಡು ಜೊತೆ ಶೂ ಇವೆ. ಬೆಳಿಗ್ಗೆ ಕೈಗೆ ಸಿಕ್ಕಿದ್ದನ್ನು ಹಾಕಿಕೊಂಡು ಹೊರಡುತ್ತಾರೆ. ಸೂಟಿನ ಆಸೆ ಮಾತ್ರ ಹೋಗಿಲ್ಲ. ಮುಂದಿನ ವರ್ಷ ಕಂಪನಿಯ ದೊಡ್ಡ ಸಮಾರಂಭ ಇದೆ, ಅಳತೆ ಕೊಟ್ಟು ಹೊಲಿಸುತ್ತೇನೆ ಅನ್ನುತ್ತಿದ್ದಾರೆ. ತೂಕ ಒಂದು ಕಡೆ ನಿಲ್ಲುವ ತನಕ ಅಳತೆ ಕೊಡಬೇಡಿ, ಹೊಲಿಸುವುದಾದರೆ ಒಂದು ಕೋಟಿಗೆ ಎರಡು ಪ್ಯಾಂಟ್ ಹೊಲಿಸಿ ಅಂತ ನಾನು ಹೇಳಿದ್ದೇನೆ. ಎರಡನೆಯದಕ್ಕೆ ಒಪ್ಪಿದ್ದಾರೆ. ಮೊದಲನೆಯದರ ಬಗ್ಗೆ ಇನ್ನೂ ಮಾತುಕತೆ ನಡೆಯುತ್ತಿದೆ.